ತೊಳೆದಿಟ್ಟ ಕಾರ್ಡು

ಮೂರನೆಯ ಮೆಮೊರಿ ಕಾರ್ಡೂ ಸತ್ತಾಗ ಹರಿಪ್ರಿಯಾಳಿಗೆ ಅಳಬೇಕೋ, ಕಂಪ್ಯೂಟರನ್ನೇ ಎತ್ತಿ ಬೀದಿಗೆ ಎಸೆಯಬೇಕೋ ತಿಳಿಯಲಿಲ್ಲ. ಆ ಪುಟ್ಟ ಕಾರ್ಡನ್ನು ಕಿತ್ತು, ದುಪಟ್ಟಾದಲ್ಲಿ ಒರೆಸಿ, ಮತ್ತೆ ತುರುಕಿದಳು. ಪರದೆಯ ಮೇಲೆ ಅದೇ ಹಾಳು ಸಾಲು: ಬರೆಯಲಾಗುತ್ತಿಲ್ಲ.

ಸೋಮವಾರ ಕೋಲಾರದಲ್ಲಿ ಅಜ್ಜಿ ಅಂಬಾಬಾಯಿಯ ಗಂಟಲಿಗೆ ಆಪರೇಷನ್. ದನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ಅಜ್ಜಿಗೆ ತವರಿನಿಂದ ಬಂದ ಒಂದು ಹಾಡಿತ್ತು, ಮದುಮಕ್ಕಳನ್ನು ಹಸೆಗೆ ಕರೆಯುವ ಉದ್ದನೆಯ ಹಾಡು. ಇಡೀ ಮುಳಬಾಗಿಲಿನಲ್ಲಿ ಅದು ಬರುತ್ತಿದ್ದದ್ದು ಅವರೊಬ್ಬರಿಗೇ. ಸೋಮವಾರದೊಳಗೆ ಅದನ್ನು ರೆಕಾರ್ಡ್ ಮಾಡಿ ಹಿಡಿದಿಟ್ಟುಕೊಳ್ಳಬೇಕಿತ್ತು.

ಎರಡು ಸಾವಿರದ ಏಳನೇ ಇಸವಿ. ಮನೆಯಲ್ಲಿದ್ದದ್ದು ಹಾರ್ಡ್ ಡಿಸ್ಕ್ ಸುಟ್ಟುಹೋದ ಹಳೇ ಕಂಪ್ಯೂಟರು. ವಿಂಡೋಸಿನ ಬದಲು ಲಿನಕ್ಸ್ ಸಿಡಿ ಹಾಕಿದರೆ ಎದ್ದು ಕೂರುತ್ತಿತ್ತು, ಆರಿಸಿದರೆ ಎಲ್ಲ ಮರೆತುಬಿಡುತ್ತಿತ್ತು. ಉಳಿಯಬೇಕಾದ್ದು ಏನಿದ್ದರೂ ಕಾರ್ಡಿನಲ್ಲೇ ಉಳಿಯಬೇಕು.

"ಏಮ್ಮಾ, ಮನೇಲಿ ಕಾರ್ಡು ಹುರ್ಕೊಂಡು ತಿಂತೀರಾ?" ಎಂದ ಅಂಗಡಿಯ ಮುನಿಶಾಮಿ, ನಾಲ್ಕನೆಯದನ್ನು ಕೊಡುತ್ತಾ. ಅವಳಿಗೆ ಮೈಯೆಲ್ಲ ಉರಿಯಿತು.

ಯಾರು ತಿನ್ನುತ್ತಿದ್ದರೆಂದು ಮರುದಿನ ಬೆಳಿಗ್ಗೆ ತಿಳಿಯಿತು. ಅಪ್ಪ ಚಂದ್ರಶೇಖರ ಸ್ನಾನ ಮುಗಿಸಿ, ಮಡಿಪಂಚೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು, ಹೊಸ ಕಾರ್ಡಿನ ಮೂಲೆಮೂಲೆಗೂ ಸೊನ್ನೆ ತುಂಬಿಸಿ ಅಳಿಸುತ್ತಿದ್ದರು. ಹಿಂದೊಮ್ಮೆ ತಕರಾರು ಮಾಡಿದ ಕಾರ್ಡಿಗೆಂದು ಅವಳೇ ಕಲಿಸಿದ್ದ ವಿದ್ಯೆ ಅದು. ತಮ್ಮ ಪಾರಾಯಣವನ್ನು ದಿನಾ ಕಾರ್ಡಿಗೆ ರೆಕಾರ್ಡ್ ಮಾಡಿಕೊಂಡು, ಸಂಜೆ ಕೇಳಿ ತಪ್ಪು ಹುಡುಕುವುದು ಅವರ ಅಭ್ಯಾಸ.

"ಏನಪ್ಪಾ ಮಾಡ್ತಿದ್ದೀರಿ?"

"ತೊಳೀತಿದ್ದೀನಮ್ಮ. ನಿನ್ನೇದರ ಮೇಲೇ ಇವತ್ತಿಂದು ಹಾಕೋಕಾಗುತ್ತಾ? ಪಾತ್ರೆ ತೊಳೀದೆ ಅನ್ನಕ್ಕಿಡ್ತೀವಾ?"

"ಇದು ಹೊಸದಪ್ಪಾ!"

"ಅಂಗಡಿಯಿಂದ ಬಂದಿದ್ದು ಕಣೇ. ಎಷ್ಟು ಜನ ಮುಟ್ಟಿರ್ತಾರೋ."

"ದಿನಾ ಹೀಗೇನಾ?"

"ಒಂದು ದಿನಾನೂ ತಪ್ಸಿಲ್ಲ," ಎಂದರು ಅಪ್ಪ, ಹೆಮ್ಮೆಯಿಂದ.

ಹರಿಪ್ರಿಯಾ ತಲೆ ಚಚ್ಚಿಕೊಂಡಳು. "ಅಯ್ಯೋ, ಓದಿದ್ರೆ ಇದು ಸವೆಯಲ್ಲ, ಬರೆದ್ರೆ ಸವೆಯುತ್ತೆ. ಅಳಿಸೋದೂ ಬರೆದ ಹಾಗೇನೇ. ಇಷ್ಟು ಸಲ ಅಂತ ಆಯಸ್ಸು ಪಡ್ಕೊಂಡೇ ಬಂದಿರುತ್ತೆ."

"ಹಾಗಂತ ಎಂಜಲು ಬಿಡೋಕಾಗುತ್ತಾ?"

ಇಂಥವರ ಜೊತೆ ವಾದ ಮಾಡಿ ಗೆದ್ದವರುಂಟೇ? ಅವಳು ಕಾರ್ಡನ್ನು ಕಸಿದುಕೊಂಡಳು. ಫೈಲನ್ನು ಓದಿದಾಗಲೆಲ್ಲ ಲಿನಕ್ಸ್ ಕಾರ್ಡಿನ ಮೇಲೆ ಆ ಹೊತ್ತನ್ನು ಬರೆದಿಡುವುದನ್ನು ನಿಲ್ಲಿಸಿದಳು. ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್ ಸಾಲದಾದಾಗ ಕಾರ್ಡಿನ ಮೇಲೆ ಗೀಚುವುದನ್ನೂ ನಿಲ್ಲಿಸಿದಳು. ರೆಕಾರ್ಡಿಂಗೂ ಅಷ್ಟೇ, ರ‍್ಯಾಮಿನಲ್ಲೇ ಕೂತಿದ್ದು, ಕಂಪ್ಯೂಟರ್ ಆರಿಸುವಾಗ ಒಂದೇ ಸಲ ಕಾರ್ಡಿಗೆ ಇಳಿಯಬೇಕು. ಇದು ಹೇಗೆ ಸಾಯುತ್ತದೋ ನೋಡೇಬಿಡೋಣ ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಅಜ್ಜಿ ಹಠ ಹಿಡಿದರು. "ಹಸೆ ಹಾಕ್ದೆ ಹಸೆ ಹಾಡು ಹೇಳಲ್ಲ ಕಣೇ." ಸರಿ, ರಂಗೋಲಿ ಬಿಡಿಸಿ ಮಣೆ ಹಾಕಿದ್ದಾಯಿತು. ಮದುಮಕ್ಕಳ ಜಾಗದಲ್ಲಿ ಎರಡು ತೆಂಗಿನಕಾಯಿ ಕೂತವು. ಅಜ್ಜಿ ಒಡೆದ ದನಿಯಲ್ಲಿ ಶುರುಮಾಡಿದರು. ಹರಿಪ್ರಿಯಾ ಮೈಯೆಲ್ಲ ಕಣ್ಣಾಗಿ ಪರದೆ ನೋಡುತ್ತಿದ್ದಳು. ದನಿಯ ಹಸಿರು ಪಟ್ಟಿ ಕೆಂಪು ಮುಟ್ಟಬಾರದು, ರ‍್ಯಾಮ್ ತುಂಬಿಹೋಗಬಾರದು. ಯಾವುದೂ ಆಗಲಿಲ್ಲ. ಹಾಡು ಪೂರ್ತಿ ಮುಗಿಯಿತು. ಅದು ಕಾರ್ಡಿಗೆ ಇಳಿಯಲು ಇನ್ನು ಕಂಪ್ಯೂಟರ್ ಆರಿಸುವುದೊಂದೇ ಬಾಕಿ.

"ಏಳೇ, ಆರತಿ ಎತ್ತು," ಎಂದರು ಅಜ್ಜಿ.

"ಒಂದ್ನಿಮಿಷ ಅಜ್ಜಿ."

"ಹಾಡು ಮುಗಿದ್ಮೇಲೆ ಹಸೇನ ಕಾಯಿಸ್ತಾರೇನೇ? ಏಳು ಅಂದೆ."

ಎದ್ದಳು. ತಟ್ಟೆಯಲ್ಲಿ ಕೆಂಪು ನೀರು, ಎದುರಿಗೆ ಎರಡು ತೆಂಗಿನಕಾಯಿ. ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ತಲೆಯ ಮೇಲಿನ ಫ್ಯಾನು ನಿಧಾನವಾಯಿತು, ನಿಂತಿತು. ತಿರುಗಿ ನೋಡಿದರೆ ಪರದೆ ಕಪ್ಪಗಿತ್ತು. ಕರೆಂಟು ಹೋಗಿತ್ತು.

ಸಂಜೆ ಕೋಲಾರದ ಬಸ್ಸಿಗೆ ಹೊರಡುವ ಹೊತ್ತಿಗೆ ಕರೆಂಟು ಬಂತು. ಕಂಪ್ಯೂಟರ್ ಎಂದಿನಂತೆ ಎಲ್ಲ ಮರೆತು ಎದ್ದಿತ್ತು.

"ಕಾರ್ಡಿಗೇನೂ ಆಗಿಲ್ವಲ್ಲ?" ಅಪ್ಪ ಕೇಳಿದರು.

"ಏನೂ ಆಗಿಲ್ಲಪ್ಪ. ನೀವು ತೊಳೆದಿಟ್ಟ ಹಾಗೇ ಇದೆ." ಹೇಳುತ್ತಲೇ ಅವಳಿಗೆ ಅಳು ಒತ್ತರಿಸಿ ಬಂತು. "ಅಜ್ಜೀ, ಇನ್ನೊಂದೇ ಒಂದ್ಸಲ."

"ಆರತಿ ಆದ ಹಸೆಗೆ ಮತ್ತೆ ಹಾಡೇ?" ಅಜ್ಜಿ ಗಂಟಲು ಮುಟ್ಟಿಕೊಂಡರು. ದನಿ ಆಗಲೇ ಪಿಸುಮಾತಾಗಿತ್ತು. "ಈ ಗಂಟಲೂ ಬಿಡ್ತಿಲ್ಲ. ಅದಕ್ಯಾಕೆ ಅಳ್ತೀಯೇ? ಪಕ್ಕದಲ್ಲೇ ಕೂತು ಪೂರ್ತಿ ಕೇಳಿದ್ಯಲ್ಲ. ಎಲ್ಲಿ, ಮೊದಲ ನುಡಿ ಹೇಳು ನೋಡೋಣ."

ಹರಿಪ್ರಿಯಾ ಬಾಯಿ ತೆರೆದಳು. ಹಸಿರು ಪಟ್ಟಿ ಎಲ್ಲೆಲ್ಲಿ ಏರಿತ್ತು, ಎಲ್ಲೆಲ್ಲಿ ಇಳಿದಿತ್ತು ಎಂಬುದು ಕಣ್ಣಿಗೆ ಕಟ್ಟಿದಂತಿತ್ತು. ಹಾಡಿನ ಒಂದು ಮಾತೂ ನೆನಪಿಗೆ ಬರಲಿಲ್ಲ.