ಹೆಗಲ ಮೇಲಿನ ಕರ್ಚೀಫು

ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿರಲಿ, ಕಂಡಕ್ಟರ್ ಅತ್ತೆಯ ನಾಲಿಗೆ ಮೊದಲು ದಾರಿ ಮಾಡಿಕೊಂಡು ಹೋಗುತ್ತಿತ್ತು, ಮೈ ಹಿಂದಿನಿಂದ ಬರುತ್ತಿತ್ತು. "ಒಳಗೆ ಸರೀರಪ್ಪಾ, ಬಾಗಿಲಲ್ಲಿ ಜೋತಾಡಿದ್ರೆ ಊರೇನೂ ಬೇಗ ಬರಲ್ಲ" ಎಂದರೆ ಸಿಡುಕುಮೋರೆಯವರೂ ನಕ್ಕು ಒಳಗೆ ಹೋಗುತ್ತಿದ್ದರು. ತನ್ನ ಭಾರಿ ಎದೆಯ ಬಗ್ಗೆ ಯಾರಾದರೂ ಬಾಯಿ ತೆರೆಯುವ ಮೊದಲೇ ಆಕೆ ತಾನೇ ತಮಾಷೆ ಮಾಡಿಬಿಡುತ್ತಿದ್ದಳು: "ಜರುಗಿ, ಜರುಗಿ, ಲಗೇಜ್ ಬರ್ತಾ ಇದೆ!" ಎದುರಿಗೇ ನಕ್ಕವರು ಬೆನ್ನ ಹಿಂದೆ ಆಡಿಕೊಳ್ಳುವುದಿಲ್ಲ ಎಂಬುದು ಆಕೆಯ ನಂಬಿಕೆ. ಪಾಪ, ಎರಡು ಕಡೆಯೂ ನಗುತ್ತಿದ್ದರು.

ಆ ನಗೆಯ ಕೆಳಗೆ, ಸಮವಸ್ತ್ರದ ಅಂಗಿಯ ಕೆಳಗೆ, ಎರಡೂ ಹೆಗಲ ಮೇಲೆ ಮಡಚಿಟ್ಟ ಎರಡು ಕರ್ಚೀಫುಗಳಿದ್ದವು. ಬ್ರಾದ ಪಟ್ಟಿ ಹೆಗಲನ್ನು ಕೊಯ್ಯದಿರಲಿ ಎಂದು ಬೆಳಗಾದರೆ ಅವನ್ನು ಅಲ್ಲಿ ತುರುಕಿಕೊಳ್ಳುವುದು ಆಕೆಗೆ ಹಲ್ಲುಜ್ಜಿದಷ್ಟೇ ಅಭ್ಯಾಸವಾಗಿತ್ತು. ಅದರ ಮೇಲೆ ಅಡ್ಡಲಾಗಿ ದುಡ್ಡಿನ ಚೀಲದ ಭಾರ. ಡ್ರೈವರ್ ಬ್ರೇಕ್ ಹಾಕಿದರೆ ಕಂಬಿ ಹಿಡಿಯಲು ಕೈ ಎತ್ತಬೇಕು. ಎತ್ತಿದರೆ ಬ್ರಾ ಬೆನ್ನಲ್ಲಿ ಮೇಲೇರಿ ಕೂರುತ್ತದೆ. ಇಳಿಸಿಕೊಳ್ಳೋಣವೆಂದರೆ ಇನ್ನೊಂದು ಕೈಯಲ್ಲಿ ಟಿಕೆಟ್ ಯಂತ್ರ. ಹೆಂಗಸರಿಗೆ ಎರಡೇ ಕೈ ಕೊಟ್ಟದ್ದು ಯಾವ ಸೀಮೆಯ ನ್ಯಾಯವೋ.

ಗಂಡ ತೀರಿಕೊಂಡ ಮೇಲೆ ಆಕೆ ಅಣ್ಣನ ಮನೆಯ ಮಹಡಿ ಕೋಣೆಯಲ್ಲಿದ್ದಳು. ಅಣ್ಣನ ಮಗಳಿಗೆ ಮನೆಯಲ್ಲಿ ಮಿಡತೆ ಎಂದೇ ಹೆಸರು. ನಡೆಯುವುದಕ್ಕಿಂತ ಮೊದಲು ಜಿಗಿಯಲು ಕಲಿತವಳು, ಈಗ ಕಾಲೇಜಿನ ವಾಲಿಬಾಲ್ ತಂಡದಲ್ಲಿ ನೆಟ್ಟಿನ ಹತ್ತಿರ ನಿಲ್ಲುತ್ತಿದ್ದಳು. ಮೈಕಟ್ಟು ಮಾತ್ರ ತಾಯಿಯದಲ್ಲ, ಅಪ್ಪಟ ಅತ್ತೆಯದು. ಕಳೆದ ವರ್ಷದಿಂದ ಮಿಡತೆ ಫೈಲನ್ನು ಎದೆಗೆ ಅಪ್ಪಿಕೊಂಡು, ಬೆನ್ನು ಬಗ್ಗಿಸಿ ನಡೆಯುತ್ತಿದ್ದಳು. ಆಡುವಾಗ ಒಂದರ ಮೇಲೊಂದು ಎರಡು ಬ್ರಾ ಬಿಗಿದುಕೊಂಡು, ಉಸಿರು ಸಾಲದೆ ಆಟದ ನಡುವೆ ಕೂತುಬಿಡುತ್ತಿದ್ದಳು. ಕಡೆಗೊಂದು ದಿನ ಊಟಕ್ಕೆ ಕೂತಾಗ, "ಸೋಮವಾರ ಜೆರ್ಸಿ ವಾಪಸ್ ಕೊಡ್ತೀನಿ. ಓದೋದು ಜಾಸ್ತಿ ಇದೆ" ಎಂದಳು.

"ಇಷ್ಟು ದಿನ ಇಲ್ಲದ ಓದು ಎಲ್ಲಿಂದ ಉದುರ್ತು?" ಎಂದಳು ಅವಳ ಅಮ್ಮ. ಕಡ್ಡಿಯಂಥ ಹೆಂಗಸು; ಅವಳಿಗೆ ಇದೆಲ್ಲ ಹೇಗೆ ಹೊಳೆಯಬೇಕು?

ಅತ್ತೆಗೆ ಹೊಳೆಯಿತು. ಆದರೆ ತಟ್ಟೆ ಎತ್ತಿಕೊಂಡು ಎದ್ದಳು. ಆಮೇಲೆ ನೀರಿಗೆಂದು ಕೆಳಗಿಳಿದು ಬರುವಾಗ ಅಡುಗೆಮನೆಯಿಂದ ಮಿಡತೆಯ ಅಳುದನಿ ಕೇಳಿಸಿತು. "ನಂಗೆ ಅತ್ತೆ ಥರ ಆಗೋದು ಬೇಡಮ್ಮ."

"ಮೈ ಅವಳದ್ದೇ ಬಂದಿದೆ. ಏನ್ಮಾಡಕ್ಕಾಗತ್ತೆ?"

ಅತ್ತೆ ಖಾಲಿ ಚೊಂಬು ಹಿಡಿದು ಹಾಗೇ ಮೆಟ್ಟಿಲು ಹತ್ತಿದಳು. ಬಸ್ಸಿನಲ್ಲಿ ಕುಡುಕರ ಬಾಯಿಂದ ಏನೇನೋ ಕೇಳಿ ಕೊಡವಿಕೊಂಡವಳಿಗೆ ಈ ಒಂದು ಮಾತು ಕರುಳಿಗೇ ತಗುಲಿತು. ತಾನೇ ಎತ್ತಿ ಆಡಿಸಿದ ಕೂಸು. ಸಿಟ್ಟು ಬಂತು, ಅಳು ಬಂತು. ಎರಡೂ ಇಳಿದ ಮೇಲೆ, ಹುಡುಗಿ ಹೇಳಿದ್ದರಲ್ಲಿ ತಪ್ಪೇನಿದೆ ಎನಿಸಿತು. ನನ್ನ ಹಾಗೆ ಆಗು ಎಂದು ನಾನೇ ಅವಳಿಗೆ ಹೇಳುತ್ತೇನೆಯೇ?

ಭಾನುವಾರ ರಜೆ. "ನಡಿಯೇ ಮಿಡತೆ, ಪೇಟೆಗೆ" ಎಂದು ಹೊರಡಿಸಿದಳು.

ಮೊದಲು ಹೋದದ್ದು ತಾನು ವರ್ಷಗಟ್ಟಲೆ ಕೊಳ್ಳುತ್ತಿದ್ದ ಅಂಗಡಿಗೆ. ಅಂಗಡಿಯವನು ಏಣಿಯ ಮೇಲಿಂದಲೇ ಮಿಡತೆಯನ್ನು ಮೇಲಿಂದ ಕೆಳಗೆ ನೋಡಿದ. ಅವನ ಕಣ್ಣೇ ಅವನ ಟೇಪು.

"ಇವರಿಗೂ ನಿಮ್ಮದೇ ನಲವತ್ತೆರಡು ಆಗತ್ತೆ ಬಿಡಿ" ಎಂದು ನಾಲ್ಕು ಜನಕ್ಕೆ ಕೇಳುವಂತೆ ಕೂಗಿದ. "ದೊಡ್ಡ ಸೈಜಲ್ಲಿ ಮೈಬಣ್ಣದ್ದು ಒಂದೇ ಬರೋದು. ಅಷ್ಟು ದೊಡ್ಡದಕ್ಕೆ ಬಣ್ಣ ಕಟ್ಕೊಂಡು ಏನಾಗಬೇಕು?"

ಕಾಲ್ಚೀಲ ಆರಿಸುತ್ತಿದ್ದ ಇಬ್ಬರು ತಿರುಗಿ ನೋಡಿದರು. ಮಿಡತೆ ತಲೆ ತಗ್ಗಿಸಿ ಹೊರಗೆ ಹೋಗಿಬಿಟ್ಟಳು. ಬೇರೆ ದಿನವಾಗಿದ್ದರೆ ಅತ್ತೆ ಒಂದು ಜೋಕು ಹಾರಿಸಿ, ಎರಡು ಡಬ್ಬಿ ಹಿಡಿದು ಬರುತ್ತಿದ್ದಳು. ಇಂದು ಡಬ್ಬಿಯನ್ನು ಅವನ ಕಡೆಗೇ ತಳ್ಳಿದಳು.

"ನಿಮ್ಮ ಏಣಿಗೂ ಬಣ್ಣ ಹೊಡೆಸಿದ್ದೀರಿ. ನಾವು ಅದಕ್ಕಿಂತ ಕಡೆಯಾದ್ವಾ?"

ಹೊರಗೆ ಮಿಡತೆ, "ಮನೆಗೆ ಹೋಗೋಣ ಅತ್ತೆ" ಎಂದಳು.

"ಇನ್ನೊಂದೇ ಒಂದು ಕಡೆ. ಅಲ್ಲೂ ಆಗ್ಲಿಲ್ಲ ಅಂದ್ರೆ ನಿನ್ನಿಷ್ಟ."

ಆ ಇನ್ನೊಂದು ಕಡೆ ಆಕೆಗೂ ಹೊಸದು. ದಿನಾ ಆಕೆಯ ಬಸ್ಸಿನಲ್ಲಿ ದೊಡ್ಡ ಚೀಲಗಳೊಂದಿಗೆ ಬರುವ ಒಬ್ಬ ಹೆಂಗಸು ಗಡಿಯಾರ ರಿಪೇರಿ ಅಂಗಡಿಯ ಮೇಲೆ ಒಳಬಟ್ಟೆಯ ಅಂಗಡಿ ಇಟ್ಟಿದ್ದಳು. ಒಮ್ಮೆ ಇಳಿಯುವಾಗ ಅತ್ತೆಯ ಹೆಗಲ ಕಡೆ ನೋಡಿ ಮೆಲ್ಲಗೆ, "ಬಿಡುವಾದಾಗ ಅಂಗಡಿಗೆ ಬನ್ನಿ" ಎಂದಿದ್ದಳು. ಅತ್ತೆಗೆ ಅದು ಕೆನ್ನೆಗೆ ಹೊಡೆದಂತಾಗಿ, ಚಿಲ್ಲರೆ ಕೈಗೆ ತುರುಕಿ ಕಳಿಸಿದ್ದಳು.

ಇಂದು ಮೆಟ್ಟಿಲು ಹತ್ತಿದಾಗ ಆ ಹೆಂಗಸು ಏನನ್ನೂ ನೆನಪಿಸಲಿಲ್ಲ. ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡು, "ಯಾರು ಮೊದಲು?" ಎಂದಳು.

"ಇವಳೇ. ನಂಗೇನೂ ಬೇಡ, ನನ್ನ ಅಳತೆ ನಂಗೊತ್ತು."

"ಅತ್ತೆ ಮೊದಲು. ಇಲ್ಲಾಂದ್ರೆ ನಾನಿಲ್ಲ" ಎಂದಳು ಮಿಡತೆ, ಬಾಗಿಲಿಗೆ ಆತುಕೊಂಡು.

ಬಸ್ಸಿನ ತುಂಬ ಜನರನ್ನು ಆಳುವವಳು ಈ ಮಾತಿಗೆ ಮಣಿದು ಒಳಗೆ ನಡೆದಳು. ಹಸಿರು ಪರದೆಯ ಹಿಂದಿನ ಪುಟ್ಟ ಕೋಣೆಯಲ್ಲಿ ಕನ್ನಡಿ, ಒಂದು ಸ್ಟೂಲು, ಮೂರು ಜನ. ಅಂಗಿಯ ಗುಂಡಿಗೆ ಕೈ ಹಾಕಿ ಅತ್ತೆ ಅಲ್ಲೇ ನಿಲ್ಲಿಸಿದಳು.

"ನಾಚಿಕೆ ಬೇಡಮ್ಮ. ಪಟ್ಟಿ ಕೊಯ್ಯತ್ತೆ ಅಂತ ಹತ್ತಿ, ಬಟ್ಟೆ ಏನೇನೋ ತುರುಕ್ಕೊಂಡು ಬರ್ತಾರೆ, ನಾನು ನೋಡದೇ ಇರೋದೇನಲ್ಲ" ಎಂದಳು ಟೇಪಿನಾಕೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅತ್ತೆಯ ಕೈ ತಾನಾಗಿ ಹೆಗಲಿಗೆ ಹೋಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅಂಗಿ ಜಾರಿಸಿ, ಬೆವರಿಗೆ ಒದ್ದೆಯಾದ ಕರ್ಚೀಫುಗಳನ್ನು ಒಂದೊಂದಾಗಿ ತೆಗೆದು ಸ್ಟೂಲಿನ ಮೇಲಿಟ್ಟಳು.

ಅವುಗಳ ಕೆಳಗೆ, ಎರಡೂ ಹೆಗಲಲ್ಲಿ, ಬೆರಳು ಹುದುಗುವಷ್ಟು ಆಳದ ಕಪ್ಪು ತಗ್ಗು.

ಮಿಡತೆ ಹತ್ತಿರ ಬಂದಳು. ಬೆರಳ ತುದಿಯಿಂದ ಆ ತಗ್ಗನ್ನು ಮೆಲ್ಲಗೆ ಸವರಿದಳು.

"ನೋಯತ್ತಾ ಅತ್ತೆ?"

ನಾಲಿಗೆಯ ತುದಿಗೆ ಜೋಕೊಂದು ಬಂದು ನಿಂತಿತ್ತು. ಅತ್ತೆ ಅದನ್ನು ನುಂಗಿದಳು. "ಹೂಂ ಕಣೆ. ತುಂಬಾ ನೋಯತ್ತೆ" ಎಂದಳು. ಜೀವಮಾನದಲ್ಲಿ ಯಾರಿಗೂ ಹೇಳದ ಮಾತು ಅದು. ಯಾರೂ ಕೇಳಿಯೂ ಇರಲಿಲ್ಲ. "ನನ್ನ ಥರ ಆಗೋದು ಬೇಡ ಅಂದ್ಯಲ್ಲ, ಸರಿಯಾಗೇ ಅಂದೆ."

ಮಿಡತೆ ಬೆರಳು ಹಿಂದೆಗೆದಳು. "ಕೇಳಿಸ್ತಾ ನಿಂಗೆ? ಅಯ್ಯೋ ಅತ್ತೆ... ನಾನಂದಿದ್ದು ನಿನ್ನನ್ನಲ್ಲ. ದಿನಾ ಡ್ಯೂಟಿಯಿಂದ ಬಂದು ಬಾಗಿಲು ಹಾಕ್ಕೊಂಡು ಹೆಗಲು ಒತ್ಕೊಳ್ತೀಯಲ್ಲ, ಆಮೇಲೆ ನಗ್ತಾ ಕೆಳಗೆ ಬರ್ತೀಯಲ್ಲ. ಅದು ನನ್ನ ಕೈಲಾಗಲ್ಲ ಅಂದೆ."

ಯಾರೂ ಕಂಡಿಲ್ಲ ಎಂದುಕೊಂಡಿದ್ದನ್ನು ಈ ಹುಡುಗಿ ಇಷ್ಟು ದಿನ ಬಾಗಿಲ ಸಂದಿಯಿಂದ ಕಂಡಿದ್ದಳು.

ಟೇಪಿನಾಕೆ ಕೇಳಿಯೂ ಕೇಳದವಳಂತೆ ಎದೆಯ ಕೆಳಗೆ, ಬೆನ್ನು ಸುತ್ತಿ, ಟೇಪು ಬಿಗಿದಳು. "ನಿಮ್ಮದು ಮೂವತ್ತಾರು."

"ಏನ್ರೀ, ನಲವತ್ತೆರಡೇ ಬಿಗಿಯಾಗತ್ತೆ ನಂಗೆ!"

"ಬಿಗಿಯಾಗೋದು ಮುಂದೆ, ಎದೆ ಕೂರೋ ಕಪ್ ಸಾಲದೆ. ಅದಕ್ಕೆ ಅವರು ಸುತ್ತಳತೆ ಹೆಚ್ಚಿಸ್ತಾ ಹೋಗಿದ್ದಾರೆ. ಬೆನ್ನಿನ ಪಟ್ಟಿ ಸಡಿಲವಾಗಿ ಮೇಲೇರಿದ್ರೆ ಭಾರ ಪೂರ್ತಿ ಹೆಗಲಿಗೇ ಅಲ್ವಾ? ಹೊರಬೇಕಾದ್ದು ಬೆನ್ನಿನ ಪಟ್ಟಿ."

"ಅಂದ್ರೆ ಸೀಟು ಸಾಲದು ಅಂತ ಬಸ್ಸಿನ ಚಕ್ರ ದೊಡ್ಡದು ಮಾಡಿದ ಹಾಗೆ" ಎಂದಳು ಅತ್ತೆ. ಈ ಸಲ ಮೂವರೂ ನಕ್ಕರು, ನಗು ಯಾರಿಗೂ ಚುಚ್ಚಲಿಲ್ಲ.

ಮೊದಲು ಹಾಕಿಕೊಂಡದ್ದು ಕಂಕುಳಲ್ಲಿ ಒತ್ತಿತು. ಎರಡನೆಯದರ ತಂತಿ ಚುಚ್ಚಿತು. ಮತ್ತೊಂದು, ಅಗಲ ಪಟ್ಟಿಯದು, ಮುಂದೆ ಬಾಗಿ ಹಾಕಿಕೊಂಡು ಹುಕ್ಕು ಸೇರಿಸಿ ನೆಟ್ಟಗೆ ನಿಂತಾಗ ಅತ್ತೆ ಹೆಗಲು ಮುಟ್ಟಿ ನೋಡಿಕೊಂಡಳು. ಪಟ್ಟಿ ಕೊಯ್ಯುತ್ತಿರಲಿಲ್ಲ. ಯಾರೋ ಹಿಂದಿನಿಂದ ಬಂದು ಹೊರೆಗೆ ಕೈ ಕೊಟ್ಟಂತೆ. ಆಕೆ ಕೈ ಎತ್ತಿ ಇಲ್ಲದ ಕಂಬಿಯನ್ನು ಹಿಡಿದಳು, ಪಟ್ಟಿ ಕದಲಲಿಲ್ಲ.

"ಜಿಗಿದು ನೋಡು!" ಎಂದಳು ಮಿಡತೆ.

"ಹುಚ್ಚೀ, ನೆಲ ಮರದ್ದು."

ಆದರೂ ಜಿಗಿದಳು. ಹಲಗೆ ಧಡ್ಡೆಂದಿತು. ಕೆಳಗಿನಿಂದ ಗಡಿಯಾರದವನು, "ಮೇಲೆ ಏನ್ರೀ ಬಿತ್ತು?" ಎಂದು ಕೂಗಿದ.

"ಬೀಳ್ಲಿಲ್ಲ ರೀ, ಎದ್ದಿದ್ದು!" ಎಂದು ಅತ್ತೆ ಪರದೆಯ ಹಿಂದಿನಿಂದಲೇ ಕೂಗಿದಳು.

ಆಮೇಲೆ ಪರದೆಯೊಳಗೆ ಹೋದದ್ದು ಮಿಡತೆ. ಅತ್ತೆ ಸ್ಟೂಲನ್ನು ಹೊರಗೆಳೆದುಕೊಂಡು ಕೂತಳು. ಟೇಪಿನಾಕೆ ಒಂದೊಂದೇ ಡಬ್ಬಿ ಒಳಗೆ ಕೊಡುತ್ತಿದ್ದಳು, ಒಂದೊಂದೇ ಹೊರಗೆ ಬರುತ್ತಿತ್ತು. ಆಟದವರು ಹಾಕುವ ಗಟ್ಟಿ ಬ್ರಾ ಅವಳ ಅಳತೆಗೆ ಇದ್ದದ್ದು ಒಂದೇ, ಅದೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ. ಅದು ಒಳಗೆ ಹೋಗಿ ಬಹಳ ಹೊತ್ತು ಸದ್ದಿಲ್ಲ. ಅತ್ತೆ ಪರದೆಯನ್ನೇ ನೋಡುತ್ತಿದ್ದಳು. ಇದೂ ಆಗಲಿಲ್ಲವೆಂದರೆ ನಾಳೆ ಜೆರ್ಸಿ ಹೋಗುತ್ತದೆ, ಹುಡುಗಿಯ ಬೆನ್ನು ಬಗ್ಗಿದ್ದು ಬಗ್ಗಿದ ಹಾಗೇ ಉಳಿಯುತ್ತದೆ.

ಹಲಗೆ ಧಡ್ಡೆಂದಿತು. ಮತ್ತೆ ಧಡ್ಡೆಂದಿತು. ಗಡಿಯಾರದವನು ಈ ಸಲ ಏನೂ ಕೇಳಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಇಬ್ಬರೂ ಕಂಬಿ ಹಿಡಿದು ನಿಂತರು. ಮಿಡತೆಯ ಇನ್ನೊಂದು ಕೈ ಎದೆಯ ಮೇಲಿರಲಿಲ್ಲ, ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿತ್ತು. ಸ್ವಲ್ಪ ದೂರ ಹೋದ ಮೇಲೆ ಅವಳು ಆ ಕೈಯನ್ನು ಅತ್ತೆಯ ಮುಂದೆ ಚಾಚಿದಳು.

"ಆ ಕರ್ಚೀಫು ಎರಡೂ ನಂಗೆ ಕೊಡು."

"ಥೂ, ಬೆವರು ನಾತ. ಯಾಕೆ?"

"ಒಗ್ಕೊಳ್ತೀನಿ. ನಾಳೆ ಆಟ ಇದೆ, ಮುಖ ಒರೆಸ್ಕೊಳ್ಳೋಕೆ ಬೇಕು."

ಅತ್ತೆ ಚೀಲದಿಂದ ಅವನ್ನು ತೆಗೆದು ಅವಳ ಕೈಗೆ ಕೊಟ್ಟು, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.