ಮಾವನ ಹಲ್ಲಿನ ಬುಡದಲ್ಲಿ

ನಮ್ಮ ಮಾವನ ಟ್ರಂಪೆಟ್ಟಿನಿಂದ ಕಿವಿ ತೂತಾಗಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವಳು ನಾನು. ಮದುವೆಯಾಗಿ ಬಂದ ಮಾರನೆಯ ಬೆಳಗ್ಗೆಯೇ ಅವರು ಬಚ್ಚಲಲ್ಲಿ ನಿಂತು ಊದಿದ್ದಕ್ಕೆ ಹಾಸಿಗೆಯಿಂದ ಬಿದ್ದಿದ್ದೆ. ಅಂಥ ಸದ್ದು ಒಂದು ದಿನ ನಿಂತೇ ಹೋದಾಗ ಮನೆ ಬಿಕೋ ಎನ್ನತೊಡಗಿತು. ಮಾವನ ಮೇಲಿನ ಮುಂದಿನ ಹಲ್ಲು ಅಲ್ಲಾಡುತ್ತಿತ್ತು. ಟ್ರಂಪೆಟ್ಟು ಒತ್ತುವುದು ಸರಿಯಾಗಿ ಅಲ್ಲಿಗೇ. ಆ ಹಲ್ಲು ಹೋದರೆ ಅವರಿಗೆ ತಾವು ಊದುತ್ತಿದ್ದ ಬ್ಯಾಂಡಿನಲ್ಲಿ ಉಳಿಯುವುದು ತಾಳ ಕುಟ್ಟುವ ಕೆಲಸ.

“ತಾಳ ಕುಟ್ತೀನಿ ಬಿಡಮ್ಮ, ಅದಕ್ಕೇನೀಗ?” ಎಂದರು. ಹಾಗೆಂದವರು ಊಟ ಅರ್ಧಕ್ಕೇ ಬಿಟ್ಟು ಎದ್ದರು.

ದಂತ ಆಸ್ಪತ್ರೆಗೆ ನಾನೇ ಎಳೆದುಕೊಂಡು ಹೋದೆ. ವಸಡಿನ ವಿಭಾಗದ ಡಾಕ್ಟರಮ್ಮ ಹಲ್ಲಿಗೂ ವಸಡಿಗೂ ನಡುವೆ ತೆಳ್ಳನೆಯ ಕಡ್ಡಿ ಇಳಿಸಿದರು. ಅದು ಇಳಿಯುತ್ತಲೇ ಹೋಯಿತು.

“ಹಲ್ಲು ಚೆನ್ನಾಗೇ ಇದೆ. ಅದನ್ನ ಹಿಡ್ಕೊಂಡಿದ್ದ ಮೂಳೆ ಕರಗಿ ಹಳ್ಳ ಬಿದ್ದಿದೆ,” ಎಂದರು.

ಆ ಹಳ್ಳಕ್ಕೆ ತುಂಬಲು ಅವರ ಬಳಿ ಹೊಸ ಬಿಳಿ ಹರಳಿತ್ತು, ಸಕ್ಕರೆಗಿಂತ ಸಣ್ಣದು. ಪ್ರಾಣಿಯದೂ ಅಲ್ಲ, ಮನುಷ್ಯರದೂ ಅಲ್ಲ. ಲ್ಯಾಬಿನ ಕುಲುಮೆಯಲ್ಲಿ ಸುಟ್ಟು ಮಾಡಿದ್ದು. ಅದನ್ನು ಆಸರೆ ಮಾಡಿಕೊಂಡು ನಮ್ಮದೇ ಮೂಳೆ ಬೆಳೆಯಬೇಕು, ಹರಳು ನಿಧಾನವಾಗಿ ಕರಗಬೇಕು. ಬೆಳೆಯುತ್ತದೋ ಇಲ್ಲವೋ ಎಂಬುದೇ ಅವರ ಪರೀಕ್ಷೆ. ಅದಕ್ಕಾಗಿ ಮುಂದೆ ಇನ್ನೊಮ್ಮೆ ಬಿಡಿಸಿ ನೋಡಬೇಕಾಗುತ್ತದೆ ಎಂದೂ ಹೇಳಿದರು. ಮಾವ ಒಪ್ಪಿದರು. ವಸಡು ಬಿಡಿಸಿ, ಹಳ್ಳ ಕೆರೆದು ತೊಳೆದು, ಹರಳನ್ನು ಅವರದೇ ರಕ್ತದಲ್ಲಿ ಕಲಸಿ ತುಂಬಿ ಹೊಲಿದರು.

ತಿಂಗಳುಗಟ್ಟಲೆ ಊದುವಂತಿರಲಿಲ್ಲ. ಮಾವ ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬರೀ ಬೆರಳಾಡಿಸುತ್ತಾ ಕೂರುತ್ತಿದ್ದರು. ಕೊನೆಗೂ ಹಲ್ಲು ಗಟ್ಟಿಯಾಗಿ ನಿಂತಿತು. ಬಚ್ಚಲಿನಿಂದ ಮೊದಲ ಸ್ವರ ಹೊರಟಾಗ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಕಣ್ಣು ಯಾಕೆ ಕೆಂಪಗಿದೆ ಎಂದು ಗಂಡ ಕೇಳಿದರೆ, ಸೋಪು ಹೋಯಿತು ಎಂದೆ.

ಸುಖವಾಗಿದ್ದೆವು. ಆಗ ಡಾಕ್ಟರಮ್ಮ ಮತ್ತೆ ಕರೆಸಿದರು.

“ಇನ್ನೊಂದು ಸಲ ವಸಡು ಬಿಡಿಸಿ ಒಳಗೆ ನೋಡ್ಬೇಕು. ಮೊದಲೇ ಹೇಳಿದ್ದೆನಲ್ಲ. ಬೇಡ ಅಂದ್ರೆ ಬಲವಂತ ಇಲ್ಲ.”

ನಾನು ಕೆಂಡವಾದೆ. “ಗಟ್ಟಿಯಾಗಿರೋ ಹಲ್ಲನ್ನ ಯಾಕ್ರೀ ಕೆದಕ್ತೀರಾ? ಎಕ್ಸ್‌ರೇಲಿ ಬೆಳ್ಳಗೆ ಕಾಣ್ತಿದೆಯಲ್ಲ!”

“ಮೂಳೆಯೂ ಬೆಳ್ಳಗೆ ಕಾಣುತ್ತೆ, ಹರಳೂ ಬೆಳ್ಳಗೆ ಕಾಣುತ್ತೆ. ಎಕ್ಸ್‌ರೇಗೆ ವ್ಯತ್ಯಾಸ ಗೊತ್ತಾಗಲ್ಲಮ್ಮ.” ಅವರು ಮಾವನ ಕಡೆ ತಿರುಗಿದರು. “ಇದಕ್ಕೆ ಮುಂಚಿನ ಹರಳನ್ನ ಒಬ್ರು ಬಸ್ ಕಂಡಕ್ಟರ್‌ಗೆ ಹಾಕಿದ್ವಿ. ಹೆಂಗಸು. ಅವರ ಹಲ್ಲೂ ಗಟ್ಟಿಯಾಗಿತ್ತು, ಎಕ್ಸ್‌ರೇನೂ ಬೆಳ್ಳಗಿತ್ತು. ಬಿಡಿಸಿ ನೋಡಿದ್ರೆ ಹರಳು ಮರಳಿನ ಥರ ಸುಮ್ನೆ ಕೂತಿತ್ತು, ಮೂಳೆ ಚೂರೂ ಇಲ್ಲ. ಆಮೇಲೆ ಹಲ್ಲೂ ಹೋಯ್ತು. ಅದನ್ನ ಕಣ್ಣಾರೆ ಕಂಡಿದ್ದಕ್ಕೇ ನಿಮಗೆ ಹಾಕಿರೋ ಈ ಹರಳನ್ನ ಮಾಡಿದ್ದು. ಇಲ್ಲದಿದ್ರೆ ನಿಮಗೂ ಅದನ್ನೇ ತುಂಬ್ತಿದ್ವಿ.”

ಮಾವ ಬಸ್ ಸ್ಟಾಪಿನಲ್ಲಿ ಬಾಯಿ ಬಿಟ್ಟರು. “ಯಾರೋ ಹೆಣ್ಣುಮಗಳು ಎರಡನೇ ಸಲ ಕೊಯ್ಸಿಕೊಂಡಿದ್ದಕ್ಕೆ ನಾನಿವತ್ತು ಊದ್ತಿದೀನಿ. ನನ್ನ ಕೆಲಸ ಆಯ್ತು ಅಂತ ಜಾಗ ಖಾಲಿ ಮಾಡಿದ್ರೆ ಚೆನ್ನಾಗಿರುತ್ತಾ?”

“ನಿಮಗೂ ಮರಳೇ ಸಿಕ್ಕಿದ್ರೆ? ಟ್ರಂಪೆಟ್ ಗತಿ?”

“ಸಿಕ್ಕಿದ್ರೆ ಮುಂದಿನವರು ಬಚಾವಾಗ್ತಾರೆ.”

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ನಾನು ಬೈಯುವವಳು. ಬಸ್ಸು ಬರುವವರೆಗೂ ಬೈದೆ. ಆದರೆ ಬೇಡ ಎಂದು ತಡೆಯಲು ಮನಸ್ಸು ಬರಲಿಲ್ಲ.

ಎರಡನೇ ಸಲ ಕೊಯ್ಯುವ ದಿನ ಮಾಸ್ಕ್ ಹಾಕಿಸಿ ನನ್ನನ್ನು ಮೂಲೆಯ ಸ್ಟೂಲಿನ ಮೇಲೆ ಕೂರಿಸಿದರು. ವಸಡು ಬಿಡಿಸಿದ್ದನ್ನು ನೋಡಲಾರದೆ ನಾನು ಮಾವನ ಪಾದವನ್ನೇ ನೋಡುತ್ತಿದ್ದೆ; ಹೆಬ್ಬೆರಳು ಬಿಗಿದುಕೊಂಡಿತ್ತು. ಡಾಕ್ಟರಮ್ಮ ಕಡ್ಡಿ ಒತ್ತಿದರು. ಪಕ್ಕದಲ್ಲಿ ಒತ್ತಿದರು. ಮತ್ತೊಮ್ಮೆ ಒತ್ತಿದರು.

“ಇಳೀತಿಲ್ಲ,” ಎಂದರು ಡಾಕ್ಟರಮ್ಮ. “ಹಳ್ಳ ಪೂರ್ತಿ ಮುಚ್ಚಿಲ್ಲ. ಆದ್ರೆ ಮುಕ್ಕಾಲು ಪಾಲು ಮೂಳೆ. ನಿಮ್ಮದೇ ಮೂಳೆ.”

ಮಾವನ ಹೆಬ್ಬೆರಳು ಸಡಿಲವಾಯಿತು. ನಾನು ಸ್ಟೂಲಿನ ಮೇಲೆ ಕೂತಲ್ಲೇ ಅತ್ತುಬಿಟ್ಟೆ, ಈ ಸಲ ಸೋಪಿನ ನೆಪವೂ ಇರಲಿಲ್ಲ.

ಹೊಲಿಗೆ ಹಾಕಿ, ಗ್ಲೌಸ್ ಕಳಚಿ, ಡಾಕ್ಟರಮ್ಮ ಫೋನ್ ಕೈಗೆತ್ತಿಕೊಂಡರು. “ಆ ಕಂಡಕ್ಟರ್ ಹೋಗುವಾಗ ಒಂದು ಮಾತು ಹೇಳಿದ್ರು. ಮುಂದೆ ಯಾರಿಗಾದ್ರೂ ಸರಿಹೋದ್ರೆ ನಂಗೊಂದು ಫೋನ್ ಮಾಡಿ ಅಂತ. ಮಾಡ್ಲಾ?”

ಮಾವ ಜೋರಾಗಿ ತಲೆಯಾಡಿಸಿದರು. ಡಾಕ್ಟರಮ್ಮ ಆಕೆಗೆ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಮಾವ ಫೋನ್ ಕಸಿದುಕೊಂಡೇ ಬಿಟ್ಟರು. ಅರ್ಧ ಬಾಯಿ ಮರಗಟ್ಟಿತ್ತು. “ಥ... ಥಾ...” ಎಂದರು. ಜೊಲ್ಲು ಸುರಿಯಿತು, ಮಾತು ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದರು.

ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವಂಥ ಗಂಟಲು ಆ ಕಡೆಯಿಂದ ಕೇಳಿಸಿತು. “ಮಾತಾಡ್ಬೇಡಿ ಯಜಮಾನ್ರೇ, ಹೊಲಿಗೆ ಎಳೆಯುತ್ತೆ. ನಂಗೂ ಅವತ್ತು ಹಿಂಗೇ ಆಗಿತ್ತು.” ಆಮೇಲೆ ಮೆತ್ತಗೆ, “ಬೆಳೀತಾ ನಿಜವಾಗ್ಲೂ?” ಎಂದಿತು.

ಮಾವ ಫೋನನ್ನು ನನ್ನ ಕೈಗೆ ತುರುಕಿ ಎರಡೂ ಕೈ ಜೋಡಿಸಿದರು.

“ಬೆಳೀತಮ್ಮ,” ಎಂದೆ. “ಅವರು ಕೈ ಮುಗೀತಿದ್ದಾರೆ. ನಾನೂ.”