ಶಾಮಲಮ್ಮ ವಾಪಸ್ ತಗೋಬೇಕಾದ ಮಾತು

ಗೋಪಿ ನಮ್ಮ ಮನೆ ಹುಡುಕಿಕೊಂಡು ಮಾಲೂರಿಗೆ ಬಂದಾಗ ನಾನು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಕಾರಿನಿಂದ ಇಳಿದವನ ಮೂಗು ನೋಡಿದ ಕೂಡಲೇ ಯಾರ ವಂಶ ಎಂದು ಗೊತ್ತಾಯಿತು. ಶ್ರೀನಿವಾಸಪುರದ ಸುಬ್ಬರಾಯಪ್ಪನವರ ಮೂಗು ಅದು. ನಲವತ್ಮೂರು ವರ್ಷದಿಂದ ಆ ಮನೆಯ ದಿಕ್ಕಿಗೆ ತಲೆ ಹಾಕಿಯೂ ಮಲಗಿದವನಲ್ಲ ನಾನು.

“ಗಂಗಾಧರ್ ಅಂಕಲ್ ಅಂದ್ರೆ ನೀವೇನಾ?”

“ಅಂಕಲ್ ಅಲ್ಲ, ಡ್ರೈವರ್ ಗಂಗಾಧರ. ಏನಾಗ್ಬೇಕಿತ್ತು?”

ಹುಡುಗ ನಕ್ಕ. ತಾನು ಸುಬ್ಬರಾಯಪ್ಪನವರ ಮೊಮ್ಮಗ ಎಂದ. ತಾತ ಹೋಗಿ ಹನ್ನೆರಡು ವರ್ಷವಾಯಿತಂತೆ. ಸುಬ್ಬರಾಯಪ್ಪ ಲಾರಿ ಸರ್ವಿಸ್ ಈಗ ಇವನ ಕೈಯಲ್ಲಿದೆ. ಕೋಲಾರದ ಟೊಮೇಟೊ ಮಂಡಿಯಿಂದ ಆರು ಲಾರಿ ಓಡಿಸುತ್ತಾನೆ. ಮುಂದಿನ ಭಾನುವಾರ ಕೋಲಾರದಲ್ಲಿ ಹಳೆಯ ವಾಹನಗಳ ಮೆರವಣಿಗೆ ಇದೆ, ಅದಕ್ಕೆ ಶೆಡ್ಡಿನಲ್ಲಿ ಮಲಗಿದ್ದ, ಎಂಜಿನ್ ಮುಂದಕ್ಕೆ ಚಾಚಿದ ಹಳೆಯ ಮೂತಿ ಲಾರಿಯನ್ನು ಎಬ್ಬಿಸಿದ್ದೇನೆ ಎಂದ.

“ಬೆಂಜ್ ಲಾರೀನಾ?”

“ಅದೇ ತಾತ. ಎಂಜಿನ್ ಮಾತಾಡ್ತಿದೆ. ಆದ್ರೆ ನಮ್ ಡ್ರೈವರ್‌ಗಳು ಗೇರ್ ಹಾಕೋಕ್ ಹೋದ್ರೆ ಕಿಟಾರ್ ಅಂತ ಕಿರುಚ್ತದೆ.”

“ಕಿರುಚದೆ ಇನ್ನೇನು, ಹಾಡು ಹೇಳುತ್ತಾ? ಡಬಲ್ ಕ್ಲಚ್ ಹೊಡೀಬೇಕು ಅದಕ್ಕೆ.”

ಈಗಿನ ಗಾಡಿಗಳಲ್ಲಿ ಕ್ಲಚ್ ಒಂದು ಸಲ ತುಳಿದರೆ ಗೇರು ತಾನಾಗಿ ಬೀಳುತ್ತದೆ. ಆ ಕಾಲದ ಲಾರಿಯಲ್ಲಿ ಹಾಗಲ್ಲ. ಒಮ್ಮೆ ತುಳಿದು ನ್ಯೂಟ್ರಲ್ಲಿಗೆ ತರಬೇಕು, ಬಿಡಬೇಕು, ಎಂಜಿನ್ನಿನ ದನಿ ಕೇಳಬೇಕು, ಮತ್ತೆ ತುಳಿದು ಹಾಕಬೇಕು. ದನಿ ಕೇಳದವನಿಗೆ ಗೇರು ಬೀಳುವುದಿಲ್ಲ. ಸ್ಟಾರ್ಟ್ ಮಾಡಬೇಕಾದರೂ ಅಷ್ಟೇ, ಹೀಟರ್ ಗುಬುಟು ಎಳೆದು, ಅದರ ಪಕ್ಕದ ತಂತಿ ಕೆಂಪಗಾಗುವವರೆಗೂ ಸುಮ್ಮನೆ ಕೂತಿರಬೇಕು. ಇದನ್ನೆಲ್ಲ ಬಲ್ಲವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ ಎಂದು ಗೋಪಿಗೆ ಯಾರೋ ಹೇಳಿದ್ದರು. ಸುಳ್ಳಲ್ಲ.

ನಾನು ಆ ಲಾರಿ ಹತ್ತಿದ್ದು ನನ್ನ ಇಪ್ಪತ್ತಾರನೇ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಮಾಲೂರಿನ ಒಂದು ಹೆಂಚಿನ ಫ್ಯಾಕ್ಟರಿಯ ಲಾರಿ ಓಡಿಸುತ್ತಿದ್ದೆ. ಆಗ ಮಾಲೂರಿನ ತುಂಬ ಹೊಗೆ ಕೊಳವೆಗಳು, ಹೆಂಚು ತುಂಬಿದ ಲಾರಿಗಳು. ಒಂದೊಂದು ಕುಟುಂಬಕ್ಕೆ ಎರಡೋ ಮೂರೋ ಗಾಡಿ, ಹಣೆಯ ಮೇಲೆ ಮನೆದೇವರ ಹೆಸರು, ಹಿಂದೆ ಮಕ್ಕಳ ಹೆಸರು. ಹಿಂದಿನ ಹೆಸರು ಓದಿದರೆ ಯಾರ ಮನೆಯಲ್ಲಿ ಹೊಸ ಮಗು ಹುಟ್ಟಿದೆ ಎಂದು ಗೊತ್ತಾಗುತ್ತಿತ್ತು. ನನಗೆ ಬಾಯಿ ಜೋರು, ಕೈಯೂ ಸ್ವಲ್ಪ ಮುಂದೆ. ಲೋಡಿಂಗ್ ಮೇಸ್ತ್ರಿಗೂ ನನಗೂ ಹತ್ತಿಕೊಂಡಿತು. ಮಾಲೀಕರು ಕರೆದು, “ನೀನು ತೊಂದರೆ ಕೊಡೋ ಮನುಷ್ಯ. ನಮಗೆ ತೊಂದರೆ ಬೇಡ, ಹೋಗಪ್ಪಾ” ಎಂದು ಕಳಿಸಿಬಿಟ್ಟರು. ಆ ಪದ ಮೈಗೆ ಅಂಟಿಕೊಂಡಿತು.

ಶ್ರೀನಿವಾಸಪುರದಲ್ಲಿ ಸೀಟು ಖಾಲಿ ಇದೆ ಎಂದು ತಿಳಿದು ಹೋದೆ. ಸುಬ್ಬರಾಯಪ್ಪನವರ ಭಾವಮೈದುನ ಆಂಜಿ ಎಂಬವನು ಆ ಬೆಂಜ್ ಓಡಿಸುತ್ತಿದ್ದನಂತೆ. ದೇವರಾಯಸಮುದ್ರದ ಹತ್ತಿರ ಹುಣಸೆಮರಕ್ಕೆ ಗುದ್ದಿ ತೀರಿಕೊಂಡಿದ್ದ. ಲಾರಿಯ ಮೂತಿ ಬಡಿಸಿ, ಬಣ್ಣ ಹೊಡೆಸಿ, ನನ್ನ ಕೈಗೆ ಕೀ ಕೊಟ್ಟರು. ಸತ್ತವನ ಸೀಟು ಎಂದು ನಾನೇನೂ ಯೋಚನೆ ಮಾಡಲಿಲ್ಲ. ಕೆಲಸ ಬೇಕಿತ್ತು, ಸಿಕ್ಕಿತು.

ಅವರ ಮಿಕ್ಕ ಎರಡು ಲಾರಿಗಳು ಮುಳಬಾಗಿಲಿನಲ್ಲೇ ನಿಲ್ಲುತ್ತಿದ್ದವು. ಬೆಂಜ್ ಮಾತ್ರ ಮನೆಯ ಅಂಗಳದಲ್ಲಿ. ಹಾಗಾಗಿ ದಿನಾ ಬೆಳಿಗ್ಗೆ ನಾನು ಹೊರಡುವಾಗ ಸುಬ್ಬರಾಯಪ್ಪನವರ ಹೆಂಡತಿ ಶಾಮಲಮ್ಮ ಬಾಗಿಲಿಗೆ ಬರುತ್ತಿದ್ದರು. ಆಗ ಅವರಿಗೆ ನಲವತ್ತೋ ನಲವತ್ತೆರಡೋ. ಮನೆಯಲ್ಲಿ ಅವರು ತಮ್ಮತಮ್ಮಲ್ಲಿ ಆಡುತ್ತಿದ್ದದ್ದು ತೆಲುಗು. ನನಗೆ ಬರುವುದಿಲ್ಲ ಎಂದು ನನ್ನ ಹತ್ತಿರ ಕನ್ನಡ. ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟು, ಲಾರಿಯ ಬಾಗಿಲಿಗೆ ಎರಡು ಸಲ ತಟ್ಟಿ, ಪ್ರತಿ ದಿನ ಒಂದೇ ಮಾತು ಹೇಳುವರು:

“ತೊಂದರ ಬ್ಯಾಡಪ್ಪಾ.”

ಮೊದಲ ದಿನ ಮಜ್ಜಿಗೆ ಅರ್ಧಕ್ಕೇ ಬಿಟ್ಟು ಲೋಟ ವಾಪಸ್ ಕೊಟ್ಟೆ. ಮಾಲೂರಿನ ಕಥೆ ಇವರ ಕಿವಿಗೂ ಬಿದ್ದಿದೆ ಎಂದುಕೊಂಡೆ. ಒಂದು ದಿನ ಹೇಳಿದರೆ ಸರಿ, ಎರಡು ದಿನ ಹೇಳಿದರೆ ಸರಿ. ಐದು ತಿಂಗಳು! ನಾನು ಯಾರ ತಂಟೆಗೂ ಹೋಗದೆ, ಮಾವಿನಕಾಯಿ ಲೋಡು ಒಂದು ಕಾಯಿ ಜಜ್ಜದಂತೆ ತಲುಪಿಸಿ ಬಂದರೂ ಮರುದಿನ ಅದೇ ಎಚ್ಚರಿಕೆ. ಉರಿದುಹೋಗುತ್ತಿತ್ತು.

ಕೊನೆಯ ದಿನ ಅಂಗಳದ ತುಂಬ ಹಮಾಲಿಗಳು, ಮಂಡಿಯವರು. ಹಿಂದಿನ ದಿನ ನಾನು ಕೋಲಾರದ ಹತ್ತಿರ ಒಬ್ಬ ಬಸ್ ಡ್ರೈವರ್ ಜತೆ ಜಗಳವಾಡಿದ್ದೆ. ಅವನು ದಾರಿ ಬಿಡಲಿಲ್ಲ, ನಾನು ಬಿಡಿಸಿಕೊಂಡೆ, ಅಷ್ಟೆ. ಶಾಮಲಮ್ಮ ಮಜ್ಜಿಗೆ ಕೊಟ್ಟು, ಹತ್ತು ಜನರಿಗೆ ಕೇಳುವಂತೆ, “ಗಂಗಾಧರಾ, ಇವತ್ತಾದ್ರೂ ತೊಂದರ ಬ್ಯಾಡಪ್ಪಾ” ಎಂದರು. ಹಮಾಲಿಗಳು ಗೊಳ್ಳೆಂದು ನಕ್ಕರು. ನನ್ನ ಮರ್ಯಾದೆ ಅಲ್ಲೇ ಮಣ್ಣುಪಾಲಾಯಿತು. ಲೋಡು ತಲುಪಿಸಿದೆ, ಖಾಲಿ ಲಾರಿ ತಂದು ಕೋಲಾರದ ಆಫೀಸಿನ ಮುಂದೆ ನಿಲ್ಲಿಸಿದೆ, ಗುಮಾಸ್ತೆಯ ಮೇಜಿನ ಮೇಲೆ ಕೀ ಎಸೆದು ಮಾಲೂರು ಬಸ್ ಹತ್ತಿದೆ. ಕಾರಣ ಹೇಳಲಿಲ್ಲ. ಸುಬ್ಬರಾಯಪ್ಪನವರು ಎರಡು ಸಲ ಆಳು ಕಳಿಸಿದರು. ಆಗಲೂ ಹೇಳಲಿಲ್ಲ.

ಆಮೇಲೆ ನನ್ನ ಓಡಾಟವೆಲ್ಲ ಹೊಸೂರು, ಸೇಲಂ, ಈರೋಡು ಕಡೆಗೆ. ತಮಿಳು ನೀರು ಕುಡಿದಷ್ಟು ಸಲೀಸಾಗಿ ಬಂತು. ತೆಲುಗನ್ನು ಬೇಕೆಂದೇ ಕಲಿಯಲಿಲ್ಲ. ಆ ಮನೆಯ ಮೇಲಿನ ಸಿಟ್ಟು ಆ ಮನೆಯ ಭಾಷೆಯ ಮೇಲೂ ಇತ್ತು. ಇದು ಹೆಮ್ಮೆಪಡುವ ವಿಷಯವಲ್ಲ ಎಂದು ಈಗ ಗೊತ್ತು.

ಹೀಗಾಗಿ ಗೋಪಿಗೆ ಹೇಳಿದೆ: “ನೋಡಪ್ಪಾ, ಬರ್ತೀನಿ. ಆದ್ರೆ ನಿಮ್ಮಜ್ಜಿ ಹತ್ತು ಜನರ ಮುಂದೆ ನನಗೊಂದು ಮಾತು ಆಡಿದ್ರು. ಅದನ್ನ ಹತ್ತು ಜನರ ಮುಂದೇನೇ ವಾಪಸ್ ತಗೋಬೇಕು. ಇಲ್ದಿದ್ರೆ ನಾನು ಆ ಲಾರಿ ಮುಟ್ಟಲ್ಲ.”

“ಯಾವ ಮಾತು ತಾತ?”

“ಅವರಿಗೇ ಗೊತ್ತು, ಕೇಳು.”

ಹುಡುಗ ತಲೆ ಕೆರೆದುಕೊಂಡು ಹೋದ. ಒಳಗಿನಿಂದ ನನ್ನ ಹೆಂಡತಿ ಭಾರತಮ್ಮ, “ರೀ, ಎಂಬತ್ತೈದು ವರ್ಷದ ಮುದುಕಿ ಹತ್ರ ಕ್ಷಮಾಪಣೆ ಕೇಳಿಸ್ಕೊಂಡು ಏನ್ ಕಿರೀಟ ಇಟ್ಕೊತೀರಾ?” ಎಂದಳು. ಈ ಕಥೆ ಅವಳಿಗೆ ಬಾಯಿಪಾಠ. ನಾನು ಕೀ ಎಸೆಯುವ ಜಾಗ ಬಂದಾಗ ನನಗಿಂತ ಮುಂಚೆ ಅವಳೇ “ಠಣ್” ಎನ್ನುತ್ತಾಳೆ. ನಾನು ಅವರೆಕಾಯಿ ಸುಲಿದೆ.

ಭಾನುವಾರ ಬೆಳಿಗ್ಗೆ ಗೋಪಿ ಕಾರು ಕಳಿಸಿದ. ಶ್ರೀನಿವಾಸಪುರ ಗುರುತು ಸಿಗಲಿಲ್ಲ, ಮಾವಿನ ತೋಪುಗಳು ಮಾತ್ರ ಅಲ್ಲೇ ಇದ್ದವು, ಹೂ ಬಿಟ್ಟಿದ್ದವು. ಮನೆ ಮಹಡಿ ಏರಿತ್ತು. ಅಂಗಳದಲ್ಲಿ ಬೆಂಜ್ ನಿಂತಿತ್ತು. ಹಸಿರು ಬಣ್ಣ ಹೊಸದು, ಮೂತಿಯ ಎಡಗಡೆ, ಅಂದು ಬಡಿಸಿದರೂ ಹೋಗದ ಹಳೆಯ ತಗ್ಗು ಹಾಗೇ ಇತ್ತು. ಬಾನೆಟ್ಟಿನ ಮೇಲೆ ಕೈಯಿಟ್ಟೆ. ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಲಾರಿಯ ಪಕ್ಕದಲ್ಲಿ ಹತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಹತ್ತರಲ್ಲೂ ಜನ ಕೂತಿದ್ದರು. ಪಕ್ಕದ ಮನೆಯವರು, ಗೋಪಿಯ ಡ್ರೈವರ್‌ಗಳು, ಮಂಡಿಯ ಇಬ್ಬರು. ಅವರ ಎದುರಿಗೆ ಹನ್ನೊಂದನೆಯ ಕುರ್ಚಿಯಲ್ಲಿ ಶಾಮಲಮ್ಮ. ತುಂಬ ಚಿಕ್ಕವರಾಗಿಬಿಟ್ಟಿದ್ದರು. ಒಗೆದ ಸೀರೆ, ತಲೆಗೆ ಎಣ್ಣೆ, ಮಡಿಲಲ್ಲಿ ಕೈ ಜೋಡಿಸಿ ಕೂತಿದ್ದರು.

“ಅಜ್ಜಿ ಆರು ಗಂಟೆಯಿಂದ ಹೀಗೇ ಕೂತವ್ರೆ,” ಗೋಪಿ ಕಿವಿಯಲ್ಲಿ ಹೇಳಿದ. “ಯಾವ ಮಾತು ಅಂತ ನೆನಪಿಗೆ ಬರ್ತಿಲ್ವಂತೆ. ಹತ್ತು ಜನರನ್ನ ಅವರೇ ಎಣಿಸಿ ಕರೆಸಿದ್ದು.”

ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮೊದಲು ಗಾಡಿ ನೋಡ್ತೀನಿ ಎಂದು ಬಾಗಿಲು ತೆಗೆದು ಹತ್ತಿದೆ. ಮಂಡಿ ನೋವಿಗೆ ಜೀವ ಬಾಯಿಗೆ ಬಂತು. ಡೀಸಲ್ ಮುಳ್ಳು ಕೆಳಗೆ ಬಿದ್ದಿತ್ತು. ಕೋಲಾರ ಮುಟ್ಟುವುದಿಲ್ಲ ಎಂದೆ. ಗೋಪಿ ನಾಲಿಗೆ ಕಚ್ಚಿಕೊಂಡು, ಕ್ಯಾನ್ ಹಿಡಿದು ಬೈಕ್ ಹತ್ತಿದ. ಹತ್ತು ನಿಮಿಷದಲ್ಲಿ ಬಂದೆ ಎಂದು ಬುರ್ರನೆ ತಿರುಗಿಸಿದ. ಶಾಮಲಮ್ಮ ಕುರ್ಚಿಯಿಂದ ಅರ್ಧ ಎದ್ದರು.

“ಒರೇಯ್ ಗೋಪೀ! ತೊಂದರ ಪಡೊದ್ದು ರಾ! ಮೆಲ್ಲಗಾ ಪೋ!”

ಬೈಕಿನ ಸದ್ದು ಥಟ್ಟನೆ ತಗ್ಗಿತು. ಹುಡುಗ ಎತ್ತಿನಗಾಡಿಯ ಹಾಗೆ ಗೇಟಿನವರೆಗೆ ಹೋದ. ‘ಮೆಲ್ಲಗಾ’ ನನಗೆ ಅರ್ಥವಾಯಿತು. ಕನ್ನಡದ ಮೆಲ್ಲಗೆ. ಆದರೆ ಅದಕ್ಕೆ ಮುಂಚೆ ಅಂದದ್ದು?

ಕಿಟಕಿಯಿಂದ ತಲೆ ಹೊರಗೆ ಹಾಕಿ ಕರೆದೆ. “ಲೇ ಗೋಪೀ, ನಿಲ್ಲೋ. ಏನಂದ್ರು ಅವರು?”

“ಅದಾ? ಅವಸರ ಮಾಡ್ಬೇಡ ಅಂತ.”

“ತೊಂದರ ಅಂದ್ರೆ ಅವಸರಾನಾ?”

“ಹೂಂ, ತೆಲುಗಲ್ಲಿ ತೊಂದರ ಅಂದ್ರೆ ಅವಸರ. ಅವರ ತಮ್ಮ ಆಂಜಿ, ಇದೇ ಲಾರೀಲಿ ಅವಸರದಲ್ಲಿ ಹೋಗಿ ತೀರ್ಕೊಂಡ್ರಲ್ಲ, ಆವತ್ತಿಂದ ಮನೆ ಬಿಟ್ಟು ಯಾರ್ ಹೊರಟ್ರೂ ಇದೇ ಮಂತ್ರ. ಕನ್ನಡ ಮಾತಾಡೋವಾಗ್ಲೂ ಆ ಒಂದು ಪದ ಮಾತ್ರ ತೆಲುಗೇ ಬರ್ತದೆ ಅವರ ಬಾಯಲ್ಲಿ. ಯಾಕೆ ತಾತ?”

“ಏನಿಲ್ಲ. ಹೋಗಿ ಬಾ.”

ಸ್ಟೇರಿಂಗ್ ಹಿಡಿದು ಕೂತೆ. ಹಮಾಲಿಗಳು ನಕ್ಕದ್ದು ನೆನಪಾಯಿತು. ನಾನು ಗಾಡಿ ಬಿಡುವ ವೇಗ ಊರಿಗೆಲ್ಲ ಗೊತ್ತಿತ್ತು, ಅದಕ್ಕೆ ನಕ್ಕಿದ್ದರು. ತಮ್ಮನನ್ನು ಕಳೆದುಕೊಂಡ ಹೆಂಗಸು ತಮ್ಮನ ಸೀಟಿನಲ್ಲಿ ಕೂತವನಿಗೆ ದಿನಾ ಮಜ್ಜಿಗೆ ಕೊಟ್ಟು ನಿಧಾನವಾಗಿ ಹೋಗಪ್ಪಾ ಎಂದಿದ್ದಳು. ನಾನು ಅದನ್ನು ಬೈಗುಳವೆಂದು ಕಟ್ಟಿಕೊಂಡು ನಲವತ್ಮೂರು ವರ್ಷ ಹೊತ್ತೆ. ಥೂ ನನ್ನ ಬುದ್ಧಿಗಿಷ್ಟು. ಇಳಿದು ಓಡಿಹೋಗೋಣ ಎನಿಸಿತು, ಆದರೆ ಮಂಡಿ ಬಿಡಲಿಲ್ಲ.

ಅಷ್ಟರಲ್ಲಿ ಶಾಮಲಮ್ಮ ಕೋಲೂರಿಕೊಂಡು ಲಾರಿಯ ಬಾಗಿಲ ಹತ್ತಿರ ಬಂದಿದ್ದರು. ಹತ್ತು ಜನರೂ ಕುರ್ಚಿ ತಿರುಗಿಸಿಕೊಂಡರು.

“ಗಂಗಾಧರಾ, ನಾನ್ ಏನಂದ್ನೋ ನೆನಪಿಲ್ಲಪ್ಪಾ. ಬಾಯ್ತಪ್ಪಿ ಅಂದಿರ್ತೀನಿ. ನಮ್ಮನೆಯವರೂ ಸಾಯೋವರ್ಗೂ ಕೇಳ್ತಿದ್ರು, ಆ ಹುಡುಗನ್ಗೆ ಏನಂದೆ ಅಂತ. ಯಾವ ಮಾತು ಅಂತ ನೀನೇ ಹೇಳ್ಬಿಡು. ಇವರೆಲ್ಲಾರ ಮುಂದೆ ವಾಪಸ್ ತಗೊಂಡ್ಬಿಡ್ತೀನಿ.”

ಆಕೆ ಕೈಮುಗಿಯಲು ಹೋದರು. ಕೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಎತ್ತಿದರು. ನಾನು ಕಿಟಕಿಯಿಂದ ಬಗ್ಗಿ ಆ ಕೈಗಳನ್ನು ಹಿಡಿದುಕೊಂಡೆ.

“ಬ್ಯಾಡಮ್ಮಾ. ನೀವು ಯಾವ ಮಾತೂ ವಾಪಸ್ ತಗೋಬೇಡಿ. ತಗೋಬಾರ್ದು.”

“ಮತ್ತೆ ಯಾಕಪ್ಪಾ ಬಿಟ್ ಹೋದೆ?”

ಹತ್ತು ಜನ ಕಾಯುತ್ತಿದ್ದರು. ಹೇಳಲು ಒಂದೇ ಪದವಿತ್ತು, ಅದೂ ಅವರದೇ.

“ತೊಂದರ ಪಟ್ಬಿಟ್ಟೆ ಅಮ್ಮಾ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕೈ ಬಿಡಿಸಿಕೊಂಡು, ಬಾಗಿಲ ತಗಡಿನ ಮೇಲೆ ಎರಡು ಸಲ ತಟ್ಟಿದರು, ಹಿಂದೆ ಹೊರಡುವಾಗ ತಟ್ಟುತ್ತಿದ್ದ ಹಾಗೆಯೇ.

“ಅದಕ್ಕೇ ಅಲ್ವೇನೋ, ದಿನಾ ಹೇಳ್ತಿದ್ದಿದ್ದು?” ಎಂದರು.